ನೋಡದೆ ಹಾಕಿದ ಸಹಿ

ಕತ್ತಲಲ್ಲಿ ಸಮುದ್ರಕ್ಕಿಳಿಯುವುದನ್ನು ಕಲಿಸುವ ಮೊದಲು ಮಾವ ಎಲ್ಲರನ್ನೂ ಶೆಡ್ಡಿನಲ್ಲಿ ಕೂಡಿಹಾಕುತ್ತಿದ್ದರು. ಕಿಟಕಿಗೆ ಕಪ್ಪು ಟಾರ್ಪಾಲು, ಬಾಗಿಲ ಸಂದಿಗೆ ಹಳೆಯ ಟವೆಲು, ಆಮೇಲೆ ದೀಪ ಆರಿಸಿ, "ಹೂಂ, ಈಗ ನಿಮ್ಮ ನಿಮ್ಮ ಸಾಮಾನು ಜೋಡಿಸ್ಕೊಳ್ಳಿ" ಎನ್ನುತ್ತಿದ್ದರು. ಸಿಲಿಂಡರಿಗೆ ಜಾಕೆಟ್ಟು ಬಿಗಿಯಬೇಕು, ಉಸಿರಾಡುವ ಕೊಳವೆ ಸಿಕ್ಕಿಸಬೇಕು, ಸೀಸದ ಬೆಲ್ಟು ಹುಡುಕಬೇಕು, ಎರಡು ಟಾರ್ಚು ಯಾವ ಯಾವ ಜೇಬಿನಲ್ಲಿವೆ ಎಂಬುದು ಕೈಗೇ ಗೊತ್ತಿರಬೇಕು. ಹಗಲಿನಲ್ಲಿ ಮೂರು ನಿಮಿಷದ ಕೆಲಸ. ಕತ್ತಲಲ್ಲಿ, ಕಲಿಯಲು ಬಂದಿದ್ದ ಬೇಕರಿಯವನು ಇಪ್ಪತ್ತು ನಿಮಿಷ ತೆಗೆದುಕೊಂಡ. ಅದರಲ್ಲಿ ಹತ್ತು ನಿಮಿಷ ತನ್ನ ಸಿಲಿಂಡರನ್ನು ಪಕ್ಕದವಳ ಜಾಕೆಟ್ಟಿಗೆ ಕಟ್ಟುವುದರಲ್ಲೇ ಹೋಯಿತು. ಪಕ್ಕದವಳೆಂದರೆ ಮಾವನ, ಅಂದರೆ ಡೈವಿಂಗ್ ಮಾಸ್ತರ, ಸೊಸೆ. ಅವಳು ನಗು ತಡೆಯಲಾರದೆ ಗೋಡೆಗೆ ತಲೆ ಒರಗಿಸಿಕೊಂಡು ಕೂತಳು.

ಕೊನೆಯಲ್ಲಿ ಮಾವ ತಾವೇ ಮಾಡಿ ತೋರಿಸುತ್ತಿದ್ದರು. ತೋರಿಸುವುದೇನು ಬಂತು, ಯಾರಿಗೂ ಏನೂ ಕಾಣುವುದಿಲ್ಲ. ಟಕ್ ಎಂದು ಒಂದು ಸದ್ದು, ಪಟ್ಟಿ ಎಳೆದ ಸದ್ದು, ಗಾಳಿ ಬಿಟ್ಟ ಸದ್ದು, ಆಮೇಲೆ "ಆಯ್ತು" ಎಂಬ ಒಂದು ಮಾತು. ದೀಪ ಹಾಕಿದರೆ ಎಲ್ಲವೂ ತನ್ನ ತನ್ನ ಜಾಗದಲ್ಲಿ ಸಿದ್ಧವಾಗಿರುತ್ತಿತ್ತು. ಬೇಕರಿಯವನು ಗಡಿಯಾರ ನೋಡಿಕೊಂಡು, "ಒಂದೂವರೆ ನಿಮಿಷ. ಮಾಸ್ತರಿಗೆ ಬೆರಳ ತುದಿಯಲ್ಲಿ ಕಣ್ಣಿದೆ" ಎಂದ. ಸೊಸೆ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ನೆನೆದರೆ ಅವಳಿಗೆ ಈಗಲೂ ಅಂಗೈ ಉರಿಯುತ್ತದೆ.

ಸೊಸೆ ಶಾಲೆಯ ಬಸ್ಸು ಓಡಿಸುತ್ತಾಳೆ. ಬೆಳಿಗ್ಗೆ ಐವತ್ತೆರಡು ಮಕ್ಕಳನ್ನು ಹತ್ತಿಸಿಕೊಂಡು ಹೋಗುವುದು, ಸಂಜೆ ಅಷ್ಟೂ ಮಕ್ಕಳನ್ನು ವಾಪಸು ತಂದು ಮನೆಮನೆಗೆ ಒಪ್ಪಿಸುವುದು. ಪ್ರತಿ ನಿಲ್ದಾಣದಲ್ಲೂ ಕನ್ನಡಿ ನೋಡಿ ತಲೆ ಎಣಿಸುವುದು ಅವಳಿಗೆ ಎಷ್ಟು ರೂಢಿಯಾಗಿದೆ ಎಂದರೆ, ಮನೆಯಲ್ಲಿ ಊಟಕ್ಕೆ ಕೂತಾಗಲೂ ಒಂದು, ಎರಡು, ಮೂರು ಎಂದು ಎಣಿಸಿಬಿಡುತ್ತಾಳೆ. ಇರುವುದೇ ಮೂವರು. ಗಂಡ ಇದಕ್ಕೆ ದಿನಾ ಗೇಲಿ ಮಾಡುತ್ತಾನೆ. ಗಂಡ ಅಪ್ಪನ ದೋಣಿ ನಡೆಸುವವನು. ಚಿಕ್ಕಂದಿನಲ್ಲಿ ಕಿವಿಯ ತಮಟೆ ಒಡೆದು ಹೋದದ್ದರಿಂದ ಅವನು ನೀರಿನೊಳಗೆ ಹೋಗುವ ಹಾಗಿಲ್ಲ. ಮೂವತ್ತು ವರ್ಷ ಊರಿಗೆಲ್ಲ ಮುಳುಗುವುದನ್ನು ಕಲಿಸಿದವರ ಒಬ್ಬನೇ ಮಗ ನೀರಿನ ಮೇಲೇ ಉಳಿದುಬಿಟ್ಟ. ಆ ಕೊರಗನ್ನು ಮಾವ ಒಂದು ದಿನವೂ ಬಾಯಿಬಿಟ್ಟು ಆಡಿದವರಲ್ಲ. ಆದರೆ ಮದುವೆಯಾದ ಮರುವರ್ಷ ಸೊಸೆ, "ಮಾವ, ನನಗೂ ಕಲಿಸ್ತೀರಾ?" ಎಂದು ಕೇಳಿದಾಗ ಅವರು ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಆಗಿನ್ನೂ ಊಟಕ್ಕೆ ಕೂತೇ ಇರಲಿಲ್ಲ.

ಹಗಲಿನ ಪಾಠ ಮುಗಿದು ಎರಡು ವರ್ಷವಾಗಿತ್ತು. ಈಗಿನದು ರಾತ್ರಿಯ ಪಾಠ. ರಾತ್ರಿ ಜನರನ್ನು ಕೆಳಗೆ ಕರೆದೊಯ್ಯಬೇಕಾದರೆ ಮಾಸ್ತರ ಜೊತೆ ಒಬ್ಬ ಸಹಾಯಕ ಇರಲೇಬೇಕೆಂದು ಬಂದರಿನವರ ನಿಯಮ. ಇದ್ದ ಸಹಾಯಕ ಬೇರೆ ಕೆಲಸ ಹಿಡಿದು ಹೋಗಿದ್ದ. ಅವನು ಹೋಗುವ ಮೊದಲು ಸೇರಿದ್ದ ಕೊನೆಯ ತಂಡವನ್ನು ಮುಗಿಸಿಕೊಳ್ಳಲು ಬಂದರಿನವರು ಒಪ್ಪಿದ್ದರು, ಅಷ್ಟೆ. ಸೊಸೆ ಮೂರು ಸಲ ರಾತ್ರಿ ಇಳಿದು, ಅವಳ ಇಳಿತದ ದಾಖಲೆ ಪುಸ್ತಕದಲ್ಲಿ ಮೂರಕ್ಕೂ ಮಾವನ ಸಹಿ ಬಿದ್ದರೆ ಆ ಜಾಗ ಅವಳದು. ಬೀಳದಿದ್ದರೆ ರಾತ್ರಿಯ ಪಾಠಕ್ಕೆ ಬೀಗ. ಅತ್ತೆ ತೀರಿಕೊಂಡ ಮೇಲೆ ಮಾವ ಮುಖ ಅರಳಿಸುತ್ತಿದ್ದದ್ದೇ ಆ ರಾತ್ರಿಗಳಲ್ಲಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪಾಠದಲ್ಲಿ ಅವರು ಬಹಳ ಕಟ್ಟುನಿಟ್ಟು. ಹಗಲು ಇಳಿದು ನೋಡದ ಜಾಗಕ್ಕೆ ರಾತ್ರಿ ಇಳಿಯಬಾರದು. ಜೊತೆಗಾರ ಕೈ ಚಾಚಿದರೆ ಸಿಗುವಷ್ಟು ಹತ್ತಿರವಿರಬೇಕು. ಟಾರ್ಚನ್ನು ಯಾರ ಮುಖಕ್ಕೂ ಬಿಡಬಾರದು, ಮಾತೆಲ್ಲ ನೆಲದ ಮೇಲೆ. ಮರಳ ಮೇಲೆ ಬೆಳಕನ್ನು ದುಂಡಗೆ ಸುತ್ತಿದರೆ "ಸರಿಯಿದ್ದೀಯಾ?" ಎಂದು ಕೇಳಿದ ಹಾಗೆ. ಅವನೂ ದುಂಡಗೆ ಸುತ್ತಿದರೆ "ಸರಿಯಿದ್ದೀನಿ" ಎಂದ ಹಾಗೆ. ಬೆಳಕನ್ನು ಅತ್ತಿತ್ತ ಬೀಸಿದರೆ ತೊಂದರೆ, ಓಡಿ ಬಾ ಎಂದರ್ಥ. ಇಷ್ಟನ್ನೂ ಹೇಳಿ ಮುಗಿಸಿ ಅವರು ಹೆಬ್ಬೆರಳು ಮೇಲೆತ್ತಿ ಹಿಡಿಯುತ್ತಿದ್ದರು. "ಯಾರೇ ಆಗ್ಲಿ, ಯಾವಾಗ್ಲೇ ಆಗ್ಲಿ, ಹೀಗೆ ತೋರಿಸಿದ್ರೆ ಎಲ್ರೂ ಮೇಲೆ ಬರ್ಬೇಕು. ಕಾರಣ ಕೇಳೋ ಹಾಗಿಲ್ಲ. ಕೆಳಗೂ ಕೇಳ್ಬಾರ್ದು, ದೋಣಿಗೆ ಬಂದ ಮೇಲೂ ಕೇಳ್ಬಾರ್ದು. ಕಾರಣ ಕೊಡ್ಬೇಕಲ್ಲಾ ಅಂತ ನಾಚಿಕೆಪಟ್ಕೊಂಡು ಹೆದರಿಕೆ ನುಂಗ್ಕೊಂಡವರನ್ನ ನಾನು ನೋಡಿದ್ದೀನಿ."

ಮೊದಲನೆಯ ಇಳಿತದಲ್ಲಿ ಸೊಸೆಗೆ ತನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಬೇಕರಿಯವನ ಕಥೆ ಇನ್ನೂ ಚೆನ್ನ. ಅವನ ದೇಹಕ್ಕೆ ಮುಳುಗುವ ಮನಸ್ಸೇ ಇರಲಿಲ್ಲ. ಎಷ್ಟು ಸೀಸ ಕಟ್ಟಿದರೂ ಉಬ್ಬಿದ ಬನ್ನಿನ ಹಾಗೆ ಮೇಲಕ್ಕೇ ಬರುತ್ತಿದ್ದ. ಬೆಳಗಿನ ಜಾವಕ್ಕೆ ಒಲೆ ಹೊತ್ತಿಸಬೇಕಾದ ಮನುಷ್ಯ, ಮುಸ್ಸಂಜೆ ಕಳೆದ ಮೇಲಿನ ಎರಡು ತಾಸು ಮಾತ್ರ ತನ್ನವು ಎಂದು ಹೇಳಿಕೊಂಡು ಈ ಪಾಠಕ್ಕೆ ಸೇರಿದ್ದ. ಮೂವರು ಮಕ್ಕಳ ತಂದೆ. ಹೆದರಿಕೆಯಾದರೆ ಹಾಡು ಗುನುಗುತ್ತಿದ್ದ, ನೀರಿನೊಳಗೂ.

ಎಡವಟ್ಟಾದದ್ದು ಎರಡನೆಯ ಸಲ. ಹನ್ನೆರಡು ಮೀಟರು ಆಳ, ಪಕ್ಕದಲ್ಲಿ ಬಂಡೆಯ ಸಾಲು. ಮಾವ ಮುಂದೆ, ಅವರ ಬಲಗಡೆಗೆ ಒಂದು ಮಾರು ಹಿಂದೆ ಬೇಕರಿಯವನು, ಕೊನೆಗೆ ಸೊಸೆ. ಇದ್ದಕ್ಕಿದ್ದ ಹಾಗೆ ಬೇಕರಿಯವನ ಟಾರ್ಚು ಆರಿತು. ಅವನು ಕಲಿತದ್ದನ್ನು ಒಂದೂ ಬಿಡದೆ ಮಾಡಿದ. ನಿಂತ, ಎರಡನೆಯ ಟಾರ್ಚು ತೆಗೆದು ಹೊತ್ತಿಸಿದ, ಬಂಡೆಯ ಮೇಲೆ ಬೆಳಕನ್ನು ಅತ್ತಿತ್ತ ಬೀಸಿದ. ಒಂದು ಸಲವಲ್ಲ, ಏಳೆಂಟು ಸಲ. ಮಲಗಿದ್ದ ಮೀನುಗಳು ಗಾಬರಿಯಾಗಿ ಎದ್ದು ಹೋದವು. ಮಾವ ತಿರುಗಲಿಲ್ಲ. ಬೆಳಕು ಅವರ ಭುಜದ ಪಕ್ಕದಲ್ಲೇ ಹಾದು ಹೋಗುತ್ತಿದ್ದರೂ ಅವರು ನೆಟ್ಟಗೆ ಮುಂದೆ ಹೋಗುತ್ತಲೇ ಇದ್ದರು.

ಸೊಸೆ ಹೋಗಿ ಬೇಕರಿಯವನ ತೋಳು ಹಿಡಿದಳು. ಅವನ ಬಾಯಿಂದ ಗುಳ್ಳೆಗಳು ಕುದಿಯುವ ನೀರಿನ ಹಾಗೆ ನುಗ್ಗುತ್ತಿದ್ದವು. ಹಿಡಿದ ಕೈ ಬಿಡದೆ, ನಿಧಾನ ನಿಧಾನ ಎಂದು ಇನ್ನೊಂದು ಅಂಗೈಯನ್ನು ಕೆಳಗೆ ಒತ್ತಿ ಒತ್ತಿ ತೋರಿಸಿ ಅವನ ಉಸಿರನ್ನು ಹದಕ್ಕೆ ತಂದಳು. ಅಷ್ಟರಲ್ಲಿ ಮಾವನ ಬೆಳಕು ದೂರ ಹೋಗಿ ನಿಂತಿತ್ತು. ಅದು ಅಲ್ಲೇ ಗಿರ್ರನೆ ಸುತ್ತುತ್ತಾ ಹುಡುಕುತ್ತಿತ್ತು. ಅವರ ಬೆಳಕು ನೇರವಾಗಿ ಇವಳ ಮೇಲೆ ಬಿದ್ದ ಮೇಲಷ್ಟೇ ಅವರು ಹತ್ತಿರ ಬಂದರು.

ದೋಣಿಯಲ್ಲಿ ಬೇಕರಿಯವನು ಅರ್ಧ ನಗುತ್ತಾ ಅರ್ಧ ನಡುಗುತ್ತಾ, "ಬೀಸಿ ಬೀಸಿ ಕೈ ಬಿದ್ದು ಹೋಯ್ತು ಮಾಸ್ತರೇ" ಎಂದ.

"ನೋಡ್ತಾನೇ ಇದ್ದೆ" ಎಂದರು ಮಾವ. "ಏನು ಮಾಡ್ತೀರಿ ನೋಡೋಣ ಅಂತ ಬಿಟ್ಟೆ. ಪರವಾಗಿಲ್ಲ, ಇಬ್ಬರೂ ಪಾಸು."

ಬೇಕರಿಯವನ ಮುಖ ಊರಗಲವಾಯಿತು. ಸೊಸೆ ಮಾತ್ರ ಮಾವನ ಕೈಯನ್ನು ನೋಡುತ್ತಿದ್ದಳು. ಅದು ದೋಣಿಯ ಕಂಬಿಯನ್ನು ಮುಟ್ಟಿ, ಅಲ್ಲಿಂದ ಹಲಗೆಯನ್ನು ಮುಟ್ಟಿ, ಅಲ್ಲಿಂದ ಪೆನ್ನಿನ ಡಬ್ಬಿಗೆ ಬಂತು. ಅವಳ ಪುಸ್ತಕವನ್ನು ದೀಪದ ಬುಡಕ್ಕೆ ಒಯ್ದು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ಮಾವ ಸಹಿ ಹಾಕಿದರು.

ಆ ರಾತ್ರಿ ಅಡುಗೆಮನೆಯಲ್ಲಿ ಗಂಡ ಪಾತ್ರೆ ತೊಳೆಯುತ್ತಿದ್ದ, ಅವಳು ಒರೆಸುತ್ತಿದ್ದಳು. ನಡೆದದ್ದನ್ನು ಹೇಳಿದಳು.

"ಅಪ್ಪ ಪರೀಕ್ಷೆ ಮಾಡಿರ್ಬೇಕು ಬಿಡು" ಎಂದ ಅವನು.

"ರೀ, ಬಸ್ಸಲ್ಲಿ ಒಂದು ಮಗು ಅಳ್ತಾ ಇದ್ರೆ, ಏನು ಮಾಡುತ್ತೆ ನೋಡೋಣ ಅಂತ ನಾನು ಗಾಡಿ ಓಡಿಸ್ತಾ ಇರ್ತೀನಾ?"

ಅವನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ. ಆಮೇಲೆ ನಲ್ಲಿ ನಿಲ್ಲಿಸಿ, ಹಜಾರದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ. ಅಪ್ಪನ ಅಂಗಿ ಒಗೆಯುವಾಗ ಜೇಬಿನಲ್ಲಿ ಕಣ್ಣಿನ ಡಾಕ್ಟರ ಚೀಟಿ ಸಿಕ್ಕಿತ್ತು. ಕಣ್ಣಿನ ಒಳಪರದೆ ಅಂಚಿನಿಂದ ಒಣಗುತ್ತಾ ಬರುತ್ತಿದೆ. ಹಗಲು ಹೇಗೋ ನಡೆಯುತ್ತದೆ. ಕತ್ತಲಾದರೆ ಕೊಳವೆಯೊಳಗಿಂದ ನೋಡಿದ ಹಾಗೆ, ಬೆಳಕು ಬಿದ್ದ ಕಡೆ ಒಂದಿಷ್ಟು, ಉಳಿದದ್ದು ಏನೂ ಇಲ್ಲ. ಔಷಧಿಯೂ ಇಲ್ಲ.

"ಯಾವಾಗಿಂದ?"

"ಸುಮಾರು ದಿನ ಆಯ್ತು." ಅವನು ಕೈ ಒರೆಸಿಕೊಂಡ. "ಲಂಗರಿನ ಹಗ್ಗದ ಬುಡಕ್ಕೆ ಮಿಣುಕು ದೀಪ ಕಟ್ಟಿದ್ದೀನಲ್ಲ, ಕಲಿಯೋರಿಗೆ ಅನುಕೂಲ ಅಂತ ಎಲ್ಲರಿಗೂ ಹೇಳಿದ್ದೀನಿ. ಅದು ಅಪ್ಪನಿಗೆ."

ಅವಳು ಒರೆಸುವುದನ್ನು ನಿಲ್ಲಿಸಿ ನಿಂತಳು. ದೋಣಿಯ ಮೆಟ್ಟಿಲ ಅಂಚಿಗೆ ಅಂಟಿಸಿದ ಬಿಳಿ ಟೇಪು. ಸಿಲಿಂಡರಿಗೆ ಗಾಳಿ ತುಂಬುವವನು ಮಾವನ ಆಳದ ಮೀಟರಿನ ಮುಳ್ಳಿಗೆ ಮಾತ್ರ ಬಳಿದುಕೊಟ್ಟ ಹೊಳೆಯುವ ಬಣ್ಣ. ರಾತ್ರಿಯಿಡೀ ಉರಿಯುವ ಹಜಾರದ ದೀಪ. ದೀಪ ಯಾಕೆ ದಂಡಕ್ಕೆ ಉರಿಸುತ್ತೀರಿ ಎಂದು ಅವಳೇ ಎಷ್ಟು ಸಲ ರೇಗಿಲ್ಲ. ಶೆಡ್ಡಿನ ಕತ್ತಲಲ್ಲಿ ಒಂದೂವರೆ ನಿಮಿಷ. ಊರೆಲ್ಲ ಸೇರಿ ಒಬ್ಬ ಮನುಷ್ಯನಿಗೆ ಗೊತ್ತಾಗದ ಹಾಗೆ ಅವನ ಕೈ ಹಿಡಿದು ನಡೆಸುತ್ತಿತ್ತು. ಆ ಮನುಷ್ಯನೋ, ಯಾರಿಗೂ ಗೊತ್ತಿಲ್ಲವೆಂದುಕೊಂಡು ತಲೆ ಎತ್ತಿ ನಡೆಯುತ್ತಿದ್ದ.

"ಹೇಳ್ಬೇಕು ರೀ. ನಾಳೆನೇ ಹೇಳ್ಬೇಕು."

"ಹೇಳಿದ್ರೆ ಸತ್ತೇ ಹೋಗ್ತಾರೆ ಕಣೇ" ಎಂದ ಗಂಡ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಅಯ್ಯೋ ಎನಿಸಿತು.

ಮರುದಿನ ಬೆಳಗಿನ ಮಕ್ಕಳನ್ನು ಇಳಿಸಿ ಬಸ್ಸನ್ನು ಹಾಗೇ ಬಂದರಿನ ಕಡೆ ತಿರುಗಿಸಿದಳು. ಮಾವ ಶೆಡ್ಡಿನ ಹಿಂದೆ ದೊಡ್ಡ ತೊಟ್ಟಿಯಲ್ಲಿ ರಬ್ಬರ್ ಸೂಟುಗಳನ್ನು ಜಾಲಾಡಿಸುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು ಅವಳು ಬೇರೆ ಕಡೆಯಿಂದ ಶುರುಮಾಡಿದಳು.

"ಮಾವ, ನಿನ್ನೆ ಬೇಕರಿಯವರ ಟಾರ್ಚು..."

"ನೀನು ಹಿಡಿದ ರೀತಿ ನನಗೆ ಬಹಳ ಇಷ್ಟ ಆಯ್ತು" ಎಂದರು ಅವರು, ಸೂಟು ಹಿಂಡುತ್ತಾ. "ಗಾಬರಿ ಬೀಳಲಿಲ್ಲ. ನಿಮ್ಮತ್ತೆ ಇದ್ದಿದ್ರೆ ಬೀದಿಗೆಲ್ಲ ಸಾರಿಕೊಂಡು ಬರ್ತಿದ್ಲು." ಸೂಟನ್ನು ತಂತಿಗೆ ನೇತುಹಾಕಿ ಮತ್ತೆ ಅಂದರು, "ಪೇಂಟರಿಗೆ ಹೇಳಿದ್ದೀನಿ. ಬಾಗಿಲ ಹಲಗೆ ಮೇಲೆ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು. ಇನ್ನೊಂದು ನಾಲ್ಕೈದು ವರ್ಷ ಇಬ್ಬರೂ ಸೇರಿ ಎಳೀಬಹುದು, ಅಲ್ವಾ ಮಗಳೇ?"

ಆ ಪ್ರಶ್ನೆಯ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು. ಆಗ ಅವಳು ಮಾಡಿದ್ದೇನೆಂದರೆ, "ಹೂಂ ಮಾವ" ಎಂದದ್ದು. ಬಸ್ಸಿಗೆ ಹತ್ತಿ ಕೂತು ಒಂದು ತೀರ್ಮಾನಕ್ಕೆ ಬಂದಳು. ಮುಂದಿನ ಸಲ ಅವರ ಬಲಗಡೆಗೇ ಅಂಟಿಕೊಂಡಿದ್ದರಾಯಿತು. ಅವರಿಗೆ ಕಾಣದ್ದನ್ನು ತಾನು ನೋಡಿದರಾಯಿತು. ಮೊಣಕೈ ಹಿಡಿದು ತಿರುಗಿಸಿದರೆ ಯಾರಿಗೆ ಗೊತ್ತಾಗುತ್ತದೆ. ಬುದ್ಧಿವಂತಿಕೆಯ ಉಪಾಯ ಹೊಳೆಯಿತೆಂದು ಅವಳ ಎದೆ ಹಗುರಾಯಿತು. ಮಿಣುಕು ದೀಪ, ಬಿಳಿ ಟೇಪು, ಹೊಳೆಯುವ ಬಣ್ಣ, ಅವುಗಳ ಸಾಲಿಗೆ ತಾನೂ ಸೇರಿಕೊಂಡೆ ಎಂಬುದು ಅವಳ ತಲೆಗೆ ಹೋಗಲಿಲ್ಲ.

ಮೂರನೆಯ ಸಲ ಶುಕ್ರವಾರ. ಗಾಳಿ ಇರಲಿಲ್ಲ, ನೀರು ತಿಳಿಯಾಗಿತ್ತು. ಹದಿನಾಲ್ಕು ಮೀಟರಿನಲ್ಲಿ ಒಂದು ಮರಳ ಬಯಲು. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೆಲ ಮುಗಿದು ಆಳಕ್ಕೆ ಇಳಿಯುವ ಅಂಚು. ಹಗಲು ಬಂದಾಗ ಮಾವ ಆ ಅಂಚನ್ನು ತೋರಿಸಿ, ಇದರಾಚೆ ಕಾಲಿಡಬಾರದು ಎಂದು ಮೂರು ಸಲ ಹೇಳಿದ್ದರು.

ಮೂವರೂ ಮರಳ ಮೇಲೆ ಮಂಡಿಯೂರಿ ಕೂತರು. ಮಾವ ಸನ್ನೆ ಮಾಡಿದರು. ಎಲ್ಲರೂ ಟಾರ್ಚನ್ನು ಎದೆಗೆ ಅವುಚಿ ಬೆಳಕು ಮುಚ್ಚಿದರು. ಇದು ಅವರ ಪಾಠದ ಬಹು ಹೆಸರಾದ ಭಾಗ. ಮೊದಲು ಗಾಢ ಕತ್ತಲು. ಒಂದು ನಿಮಿಷ ಕಳೆದ ಮೇಲೆ ಕೈಯಾಡಿಸಿದರೆ ನೀರಿನಲ್ಲಿ ಕಿಡಿ ಏಳುತ್ತದೆ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು, ಅಲುಗಿಸಿದರೆ ನೀಲಿಯಾಗಿ ಹೊಳೆಯುತ್ತವೆ. ಬೇಕರಿಯವನು ತನ್ನ ದಪ್ಪ ತೋಳುಗಳನ್ನು ಹಿಟ್ಟು ಜಾಡಿಸುವ ಹಾಗೆ ಜಾಡಿಸಿದ, ಸುತ್ತಲೂ ಬೆಳಕು ಚೆಲ್ಲಿತು. ಅವನು ಗುನುಗುವುದು ಕೇಳಿಸುತ್ತಿತ್ತು. ಸೊಸೆ ಎಲ್ಲವನ್ನೂ ಮರೆತು ಬೆರಳು ಬಿಡಿಸಿ ನೋಡಿದಳು. ಹಾಗೇ ಮಾವನ ಕಡೆ ತಿರುಗಿದಳು.

ಮಾವ ಎರಡೂ ಕೈ ಆಡಿಸುತ್ತಿದ್ದರು. ಅವರ ಬೆರಳ ಸುತ್ತ ಕಿಡಿಗಳು ದಟ್ಟವಾಗಿ ಹರಿಯುತ್ತಿದ್ದವು. ಅವರ ಮುಖ ಮಾತ್ರ ಅತ್ತ, ಬಂಡೆಯ ಕಡೆಗೆ ತಿರುಗಿತ್ತು. ಅವರು ತೋರಿಸುತ್ತಿದ್ದರು, ನೋಡುತ್ತಿರಲಿಲ್ಲ. ಕಾಣದ್ದನ್ನು ಅವರು ಎಷ್ಟು ಕಾಲದಿಂದ ಹೀಗೆ ತೋರಿಸುತ್ತಾ ಬಂದಿದ್ದಾರೋ. ಸೊಸೆಗೆ ಅಳು ಬಂದುಬಿಟ್ಟಿತು. ಮಾಸ್ಕಿನೊಳಗೆ ಅತ್ತರೆ ಒರೆಸಿಕೊಳ್ಳಲು ಕೈ ಹೋಗುವುದಿಲ್ಲ, ಕಣ್ಣೀರು ಮೂಗಿನ ಬುಡದಲ್ಲಿ ನಿಂತು ಉರಿಯಿತು.

ಟಾರ್ಚುಗಳು ಮತ್ತೆ ಹೊತ್ತಿದವು. ಮಾವ ಎದ್ದು, ಹಿಂದಿರುಗುವ ದಾರಿ ಎಂದು ಕೈ ಚಾಚಿ ತೋರಿಸಿ ಹೊರಟರು. ದಾರಿ ತಪ್ಪಾಗಿತ್ತು. ಹಗ್ಗದ ಬುಡದ ಮಿಣುಕು ದೀಪ ಎಡಕ್ಕೆ, ಹಿಂದೆ, ಮಸುಕಾಗಿ ಮಿಣುಕುತ್ತಿತ್ತು. ಮಾವ ಹೊರಟದ್ದು ಅಂಚಿನ ಕಡೆಗೆ. ಸೊಸೆ ಅಂದುಕೊಂಡಿದ್ದ ಹಾಗೇ ಅವರ ಬಲಗಡೆಗೆ ಸೇರಿ, ಮೊಣಕೈ ಹಿಡಿದು ಮೆಲ್ಲಗೆ ತಿರುಗಿಸಿದಳು. ಅವರು, ಏನೋ ಕೇಳುತ್ತಿದ್ದಾಳೆಂದು ತಿಳಿದು, ಮರಳ ಮೇಲೆ ಬೆಳಕನ್ನು ದುಂಡಗೆ ಸುತ್ತಿದರು. ಸರಿಯಿದ್ದೀನಿ.

ಅವಳು ರೂಢಿಯಂತೆ ಎಣಿಸಿದಳು. ಒಂದು. ತಾನು ಎರಡು. ಮೂರನೆಯದು ಇರಲಿಲ್ಲ.

ಬೇಕರಿಯವನು ಮಾಸ್ತರು ತೋರಿಸಿದ ದಿಕ್ಕಿಗೇ, ಹೇಳಿದ ಮಾತು ತಪ್ಪದ ಮನುಷ್ಯ, ನೆಟ್ಟಗೆ ಹೋಗಿದ್ದ. ಅವನ ಟಾರ್ಚಿನ ಬೆಳಕು ಅಂಚು ದಾಟಿ ಕೆಳಕ್ಕೆ, ಇನ್ನೂ ಕೆಳಕ್ಕೆ ಸಣ್ಣದಾಗುತ್ತಾ ಇಳಿಯುತ್ತಿತ್ತು. ಕತ್ತಲಲ್ಲಿ ಇಳಿಯುವವನಿಗೆ ತಾನು ಇಳಿಯುತ್ತಿದ್ದೇನೆಂದು ಗೊತ್ತಾಗುವುದಿಲ್ಲ. ಸೊಸೆ ಮಾವನ ಕೈ ಬಿಟ್ಟು ಅಂಚಿಗೆ ನುಗ್ಗಿ, ಅವನ ಮುಂದಿನ ನೀರಿಗೆ ತನ್ನ ಬೆಳಕನ್ನು ಅತ್ತಿತ್ತ, ಅತ್ತಿತ್ತ ಬೀಸಿದಳು. ನಾಲ್ಕನೆಯ ಸಲಕ್ಕೆ ಆ ಬೆಳಕು ನಿಂತಿತು. ಮೇಲಕ್ಕೆ ತಿರುಗಿತು. ಅವನು ಬಂದಾಗ ಅವನ ಮೀಟರಿನಲ್ಲಿ, ಇಳಿದ ಅತಿ ಹೆಚ್ಚಿನ ಆಳ ಇಪ್ಪತ್ತಾರು ಎಂದಿತ್ತು.

ಅವಳ ತೀರ್ಮಾನ ಆ ಕ್ಷಣವೇ ಮಣ್ಣುಪಾಲಾಯಿತು. ಒಂದು ಜೊತೆ ಕಣ್ಣು ಮಾವನಿಗೆ ಕೊಟ್ಟರೆ ಬೇಕರಿಯವನಿಗೆ ಕಣ್ಣಿಲ್ಲ. ಅವಳು ಮಾವನ ಎದುರಿಗೆ ಬಂದು, ಅವರ ಮಾಸ್ಕಿಗೆ ನೇರವಾಗಿ, ಕಂಡೇ ಕಾಣುವ ಹಾಗೆ ನಟ್ಟನಡುವೆ, ತನ್ನ ಹೆಬ್ಬೆರಳನ್ನು ಎತ್ತಿ ಹಿಡಿದು ಅದರ ಮೇಲೆ ಬೆಳಕು ಬಿಟ್ಟಳು.

ಮಾವ ಆ ಬೆರಳನ್ನು ನೋಡಿದರು. ಬಹಳ ಹೊತ್ತು ನೋಡಿದ ಹಾಗೆ ಅವಳಿಗೆ ಅನ್ನಿಸಿತು. ಆಮೇಲೆ ತಮ್ಮ ಹೆಬ್ಬೆರಳನ್ನೂ ಎತ್ತಿದರು.

ಹಗ್ಗದವರೆಗೆ ಅವಳು ಮುಂದೆ ಈಜಿದಳು. ಆಳದಿಂದ ಮೇಲೇರುವಾಗ ದೇಹ ಹೊಂದಿಕೊಳ್ಳಲು ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು, ನಿಂತರು. ಮಾವ ಎರಡೂ ಕೈಯಿಂದ ಹಗ್ಗ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡಿದ್ದರು.

ದೋಣಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಬಾಯಿಗೆ ಬಿಡುವು ಕೊಡದ ಬೇಕರಿಯವನೂ ಟವೆಲು ಹೊದ್ದು ಸುಮ್ಮನೆ ಕೂತ. ಗಂಡ ಮೂರೂ ಮುಖ ನೋಡಿ, ಫ್ಲಾಸ್ಕಿನ ಚಹಾ ಸುರಿದು ಕೈಗೆ ಕೊಟ್ಟು, ಎಂಜಿನ್ನಿನ ಹತ್ತಿರ ಹೋಗಿ ನಿಂತ. ಎಂಜಿನ್ ಹಚ್ಚಲಿಲ್ಲ.

"ಕಾರಣ ಕೇಳೋ ಹಾಗಿಲ್ಲ" ಎಂದರು ಮಾವ. "ನಾನು ಕೇಳೋದೂ ಇಲ್ಲ. ಹೇಳೋದಿದ್ರೆ ನೀನೇ ಹೇಳ್ಬಹುದು."

"ನಿಮಗೆ ಕಾಣಿಸಲ್ಲ ಮಾವ."

ಅವರು ಲೋಟವನ್ನು ಪಕ್ಕದಲ್ಲಿಟ್ಟರು, ಹಲಗೆ ಎಲ್ಲಿದೆ ಎಂದು ಮೊದಲು ಕೈಯಲ್ಲಿ ನೋಡಿಕೊಂಡು. "ಯಾವಾಗ ಗೊತ್ತಾಯ್ತು?"

"ಹಿಂದಿನ ಸಲ."

"ಹಿಂದಿನ ಸಲ ಗೊತ್ತಾಗಿ ಇವತ್ತು ಯಾಕೆ ನನ್ನ ಜೊತೆ ಇಳಿದೆ?"

 ಬೈದಿದ್ದರೆ ಎಷ್ಟೋ ವಾಸಿಯಿತ್ತು, ಅವರು ಪಾಠದಲ್ಲಿ ಕೇಳುವ ಹಾಗೆ ಶಾಂತವಾಗಿ ಕೇಳಿದ್ದರು. ಮಾವ ಎಂಜಿನ್ನಿನ ಕಡೆ ತಿರುಗಿದರು. "ನಿನಗೆ?"

"ಮೂರು ವರ್ಷ, ಅಪ್ಪ."

"ಆ ಮಿಣುಕು ದೀಪ..."

"ಹೂಂ."

 "ನಾನು ಮುಚ್ಚಿಟ್ಟೆ" ಎಂದರು ಮಾವ. "ನನಗೆ ಈ ಕೆಲಸ ಬಿಟ್ರೆ ಬೇರೆ ಗತಿಯಿರ್ಲಿಲ್ಲ, ಹೇಡಿಯಾದೆ. ನೀನ್ಯಾಕೋ ಮುಚ್ಚಿಟ್ಟೆ?"

"ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ."

"ನನ್ನ ಮನಸ್ಸು." ಅವರು ಆ ಮಾತನ್ನು ಹಾಗೇ ಬಾಯಲ್ಲಿ ಇಟ್ಟುಕೊಂಡರು. "ಇವರಿಗೆ ಮೂರು ಮಕ್ಕಳಿದ್ದಾರೆ ಕಣೋ."

"ಬಿಡಿ ಮಾಸ್ತರೇ, ಏನೂ ಆಗ್ಲಿಲ್ಲವಲ್ಲ" ಎಂದ ಬೇಕರಿಯವನು. ಹೇಳುತ್ತಿದ್ದ ಹಾಗೇ ಅವನ ಹಲ್ಲು ಕಟಕಟ ಎನ್ನತೊಡಗಿತು. ತಾನು ಎಲ್ಲಿಯವರೆಗೆ ಹೋಗಿ ಬಂದೆ ಎಂಬುದು ಅವನಿಗೆ ಆಗಷ್ಟೇ ತಿಳಿದಿರಬೇಕು. ಸೊಸೆ ತನ್ನ ಟವೆಲನ್ನೂ ಅವನಿಗೆ ಹೊದಿಸಿದಳು.

ಮಗ ಎಂಜಿನ್ ಹಚ್ಚಿ ದೋಣಿಯನ್ನು ದಡಕ್ಕೆ ತಂದ. ಇಳಿಯುವಾಗ ಅಪ್ಪನಿಗೆ ಕೈ ಕೊಟ್ಟ. ಮೂರು ವರ್ಷದಲ್ಲಿ ಮೊದಲ ಸಲ, ಎಲ್ಲರೆದುರು, ಅವರು ಆ ಕೈ ಹಿಡಿದುಕೊಂಡರು. ಮಗ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವರು ಅವನನ್ನು ಸಮಾಧಾನ ಮಾಡಲಿಲ್ಲ, ಕೈಯನ್ನೂ ಬಿಡಲಿಲ್ಲ.

ಶನಿವಾರ ಶಾಲೆಯಿಲ್ಲ. ಬೆಳಿಗ್ಗೆ ಸೊಸೆ ಹಜಾರಕ್ಕೆ ಬಂದಾಗ ಮಾವ ಆಗಲೇ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಕೂತಿದ್ದರು.

"ನಿನ್ನ ಪುಸ್ತಕ ತಾ" ಎಂದರು.

ತಂದು ಕೊಟ್ಟಳು. ಮೂರನೆಯ ಸಹಿ ಹಾಕುತ್ತಾರೇನೋ ಎಂದು ಅವಳು ಒಂದು ಗಳಿಗೆ ಅಂದುಕೊಂಡದ್ದು ಸುಳ್ಳಲ್ಲ. ಅವರು ಮೊದಲ ಇಳಿತದ ಹಾಳೆ ತೆಗೆದು, ತಮ್ಮ ಸಹಿಯ ಮೇಲೆ ಸ್ಕೇಲು ಇಟ್ಟು ನೆಟ್ಟಗೆ ಒಂದು ಗೆರೆ ಎಳೆದರು. ಎರಡನೆಯದರ ಮೇಲೂ ಎಳೆದರು.

"ಮಾವ, ಅವೆರಡೂ ನಾನು ಸರಿಯಾಗಿಯೇ..."

"ಮಾಡಿರ್ತೀಯ. ನಾನು ನೋಡ್ಲಿಲ್ಲವಲ್ಲ ಮಗಳೇ. ನೋಡದೆ ಹಾಕಿದ ಸಹಿ ಇದು." ಪುಸ್ತಕ ಮುಚ್ಚಿ ಅವಳ ಕಡೆ ತಳ್ಳಿದರು. "ಆಚೆ ಬಂದರಲ್ಲಿ ಒಬ್ಬಳು ಒಳ್ಳೆ ಮೇಷ್ಟ್ರು ಇದ್ದಾಳೆ. ಬಹಳ ಜೋರು. ಅವಳ ಹತ್ತಿರ ಮೊದಲಿಂದ ಶುರುಮಾಡು."

ಆಮೇಲೆ ಮೇಜಿನ ಕೆಳಗಿನಿಂದ ತಮ್ಮ ಡೈವಿಂಗ್ ಶಾಲೆಯ ದಾಖಲೆ ಪುಸ್ತಕ ತೆಗೆದರು. ಯಾರು, ಯಾವ ದಿನ, ಫೋನು ನಂಬರು. ಮೂರು ವರ್ಷದಲ್ಲಿ ರಾತ್ರಿಯ ಪಾಠ ಮುಗಿಸಿ ಅವರ ಸಹಿಯ ಸರ್ಟಿಫಿಕೇಟು ತೆಗೆದುಕೊಂಡು ಹೋದವರು ನಲವತ್ತೊಂದು ಜನ. ಸಣ್ಣ ಅಕ್ಷರ, ಮಾಸಿದ ಇಂಕು, ಅಷ್ಟು ಬೆಳಕಿನಲ್ಲೂ ಅವರಿಗೆ ಸಾಲು ಸಿಗುತ್ತಿರಲಿಲ್ಲ. ಬೆರಳಿಟ್ಟು ಹುಡುಕಿ, ಕೊನೆಗೆ ಕೈ ಚೆಲ್ಲಿ, "ನೀನೇ ಓದು" ಎಂದರು.

ಅವಳು ಮೊದಲನೆಯ ನಂಬರು ಓದಿದಳು. ಮಾವ ಒತ್ತಿದರು. ಅತ್ತ ಕಡೆ ಒಬ್ಬ ಹೆಂಗಸು. ಫೋನಿನ ದನಿ ಸೊಸೆಗೂ ಕೇಳಿಸುತ್ತಿತ್ತು. ಮಾಸ್ತರ ದನಿ ಗುರುತಿಸಿ ಆಕೆಗೆ ಸಂತೋಷವೋ ಸಂತೋಷ. ಮೊನ್ನೆ ತಾನೇ ನಿಮ್ಮ ವಿಷಯ ಮಾತಾಡ್ತಾ ಇದ್ವಿ, ಮುಂದಿನ ತಿಂಗಳು ನನ್ನ ತಮ್ಮನನ್ನ ನಾನೇ ರಾತ್ರಿ ಇಳಿಸ್ತೀನಿ, ನೀವು ಕಲಿಸಿದ ಹಾಗೇ, ಎಂದಳು.

"ಇಳಿಸ್ಬೇಡಿ ಅಮ್ಮ" ಎಂದರು ಮಾವ. "ನನ್ನ ಸಹಿ ನಂಬ್ಕೊಂಡು ಇಳಿಸ್ಬೇಡಿ. ನಿಮಗೆ ಕಲಿಸುವಾಗ ನನಗೆ ಕಣ್ಣು ಕಾಣ್ತಿರ್ಲಿಲ್ಲ."

ಆಕೆ ನಕ್ಕಳು. ಮಾಸ್ತರು ಮೊದಲಿನ ಹಾಗೇ ತಮಾಷೆ ಮಾಡ್ತೀರಿ, ನನ್ನ ಜೀವನದಲ್ಲೇ ಅಷ್ಟು ಧೈರ್ಯವಾಗಿ ನಾನು ಎಲ್ಲೂ ಇದ್ದದ್ದಿಲ್ಲ, ನೀವು ಮುಂದೆ ಇದ್ರಲ್ಲ, ಎಂದಳು.

ಮಾವ ಆಕೆಯ ನಗು ಮುಗಿಯುವವರೆಗೆ ಕಾದರು.  ಅವರದು ಪಾಠ ಹೇಳುವ ದನಿಯೇ.

"ನಗಬೇಡಿ, ಕೇಳಿ. ಆ ರಾತ್ರಿ ನೀವು ನನ್ನ ಹಿಂದೆ ಇದ್ರೋ ಇಲ್ವೋ ನನಗೆ ಗೊತ್ತಿರ್ಲಿಲ್ಲ. ದೋಣಿಗೆ ಬಂದ ಮೇಲೆ ನಿಮ್ಮ ಮಾತು ಕೇಳಿಸ್ತು, ಆಗ ಗೊತ್ತಾಯ್ತು, ಇದ್ದೀರಿ ಅಂತ."

ಅತ್ತ ಕಡೆ ಮಾತು ನಿಂತಿತು.  ಆಮೇಲೆ ಆಕೆ ಫೋನು ಇಟ್ಟಳು. ಮಾವ ಕಣ್ಣೊರೆಸಿಕೊಂಡು, ಬೆರಳನ್ನು ಮತ್ತೆ ಗುಂಡಿಗಳ ಮೇಲಿಟ್ಟು, "ಮುಂದಿನದು ಓದು" ಎಂದರು.